ರೇವಣಸಿದ್ದ ಕಾಕಾನ ಸೆಟ್ಟಿಂಗ್

ಮೊದಲ ದಿನ ಹೆಡ್‌ಫೋನ್ ಹಚ್ಚಿದಾಗ ಕಾಕಾ ಅಂದ:
ಇದರಾಗ ಯಾರೂ ಇಲ್ಲಲ್ಲ ಮಗಳ.

ಇದ್ದಳು. ಎಲ್ಲಾರ ಕಂಪ್ಯೂಟರಿನಾಗ ಇರೋ ಅದೇ ಹೆಣ್ಣುದನಿ,
ಸಪೂರ, ಸ್ಟೀಲಿನ ಚಮಚದಂಥದ್ದು.
ಮೂವತ್ತೊಂದು ವರ್ಷ ಪವರ್‌ಲೂಮಿನ ಸಪ್ಪಳದಾಗ ಕಳದ ಕಿವಿ
ಮ್ಯಾಲಿನ ಸ್ವರ ಎಲ್ಲಾ ಮಗ್ಗಕ್ಕ ಕೊಟ್ಟು ಬಂದಾವ.
ಕಣ್ಣು ಹೋದದ್ದು ಸಕ್ಕರಿ ಬ್ಯಾನಿಗೆ,
ಅದು ಬ್ಯಾರೆ ಲೆಕ್ಕ.

ನಾ ಹುಟ್ಟಾ ಕುರುಡಿ. ಅಕ್ಕಲಕೋಟ ರೋಡಿನ ಈ ಖೋಲ್ಯಾಗ
ವಾರಕ್ಕ ಮೂರು ದಿನ ಕಲಸ್ತೀನಿ.
ದನಿಯ ಪಿಚ್ ಐವತ್ತಿತ್ತು. ಕೆಳಗಿನ ಬಾಣ ಒತ್ತಿದೆ:
ನಲವತ್ತು. ಮೂವತ್ತು. ಇಪ್ಪತ್ತೆರಡು.
ಇಳಕೋತ ಇಳಕೋತ ಹೆಣ್ಣು ಗಂಡಾಯಿತು.
ಹದಿನಾಲ್ಕಕ್ಕ ಕಾಕಾ ನನ್ನ ಮುಂಗೈ ಹಿಡಿದ:
ನಿಲ್ಲು. ನಮ್ಮ ಮುಕಾದಮ ಹಿಂಗ ಮಾತಾಡ್ತಿದ್ದ,
ಬೈಯೂದೇ ಜಾಸ್ತಿ.
ಇರಲಿ. ಕೇಳತದ.

ವೇಗ ಹತ್ತು. ಆಮ್ಯಾಲ ಚಿಹ್ನೆಗಳ ಜಗಳ.
ಇವ ಯಾಕ ಸಾಲಸಾಲಿಗೆ ಅಲ್ಪವಿರಾಮ ಅಲ್ಪವಿರಾಮ ಅಂತ ಒದರತಾನ?
ವಿರಾಮ ಅಂದರ ಸುಮ್ಮನಿರೂದಲ್ಲೇನು?
ಖರೆ ಮಾತು. ಚಿಹ್ನೆ ಓದೂದು: ಯಾವುದೂ ಬ್ಯಾಡ.
ಮುಕಾದಮ ತೆಪ್ಪಗಾದ,
ಅಲ್ಲಲ್ಲಿ ಉಸಿರು ತಗೊಂಡ.

ಕೀಲಿ ಒತ್ತಿದಾಗ ಅಕ್ಷರ ಹೇಳಬೇಕೋ ಶಬ್ದ ಹೇಳಬೇಕೋ?
ಎರಡೂ, ಅಂದ. ನನಗ ತೂತು ತೂತಿನ ಹಿಶೇಬ ಬೇಕು.
ತೂತು?
ಆಗ ಗೊತ್ತಾತು, ಕಾಕಾ ಮಗ್ಗ ನಡಸಾಂವ ಅಲ್ಲ,
ಜಕಾರ್ಡಿನ ಕಾರ್ಡು ಕೊರಿಯಾಂವ.
ಚಾದರಿನ ನವಿಲು, ಕಮಲ, ಅಂಚಿನ ಹುಲಿ
ಮೊದಲ ಇವನ ರಟ್ಟಿನ ಮ್ಯಾಲ ತೂತಾಗಿ ಹುಟ್ಟತಿದ್ದವು.
ತೂತು ಇದ್ದಲ್ಲಿ ಎಳಿ ಏಳತದ, ಇಲ್ಲದಲ್ಲಿ ಕೂಡತದ,
ಇಷ್ಟೇ ವಿದ್ಯಾ, ಅಂದ.
ನನ್ನ ಬ್ರೈಲ್ ಹಾಳಿ ಕೈಗೆ ಕೊಟ್ಟೆ.
ಬೆರಳಾಡಿಸಿ, ಮಗ್ಗಲಾ ತಿರುವಿ, ಅಂದ:
ತೂತು ಪೂರಾ ಬಿದ್ದಿಲ್ಲ.
ಯಾರೋ ಹೊಸಬ ಕೊರದಾನ.

ಪೆನ್ಶನ್ನಿನ ಅರ್ಜಿ ಮರಾಠಿ.
ಭಾಷೆ ತಾನೇ ಬದಲಾಗಲಿ ಅಂತ ಟಿಕ್ ಹಾಕಿದೆ.
ಮುಕಾದಮ ಒಂದೇ ಸಾಲಿನಾಗ ಗಡಿ ದಾಟಿ ಹೋಗಿ ಬಂದ,
ತಿಕೀಟು ಕೇಳಾವರಿಲ್ಲ.
ಆದರ ಕನ್ನಡದ ಸಾಲಿನಾಗ ಊರಿನ ಹೆಸರು ಓದಿದ: ಸೋಲಾಪೂರ.
ಸೋಲಾ? ಕಾಕಾ ಕುರ್ಚಿ ಹಿಂದ ಸರಿಸಿದ.
ಮಿಲ್ಲು ಮುಚ್ಚಿದಾಗ ಸೋತದ್ದು ಸಾಕು,
ಹೆಸರಿನಾಗೂ ಯಾಕ?
ಉಚ್ಚಾರದ ನಿಘಂಟು ತೆರೆದು ಅವನ ಕೈಲೇ ಬರೆಸಿದೆ,
ಅದು ಕಂಡರ ಸೊಲ್ಲಾಪುರ ಅನ್ನು ಅಂತ.
ಹದಿನೇಳು ನಿಮಿಷ ಹಿಡೀತು.
ಸೋಲು ಎದ್ದು ಹೋಗಿ ಸೊಲ್ಲು ಕೂತಿತು.

ಬುಧವಾರ ಬಂದರ ಮತ್ತ ಚಮಚದ ಹೆಣ್ಣು.
ಮುಚ್ಚುವಾಗ ಉಳಿಸು ಅನ್ನೂದಕ್ಕ ಟಿಕ್ ಹಾಕೂದು
ಮರೆತಾಕಿ ನಾನೇ.
ಕಲಿಸಾಕಿ. ಮಾರಿ ಬಿಸಿಯಾತು.
ಕಾಕಾ ಅಂದ: ಇಲಿ ತಿಂದ ಕಾರ್ಡು
ಎಷ್ಟು ಸಲ ತಿರುಗಿ ಕೊರದೀನಿ ಗೊತ್ತದೇನು.
ಈ ಸಲ ಬಾಣ ತಾನೇ ಒತ್ತಿದ. ನಲವತ್ತು. ಮೂವತ್ತು.
ಹದಿನಾಲ್ಕಕ್ಕ ತಾನೇ ನಿಂತ.
ಉಳಿಸಿದ, ಎರಡು ಸಲ.

ನೀ ಎಷ್ಟರಾಗ ಕೇಳತಿ ಮಗಳ?
ತೊಂಬತ್ತರಾಗ.
ಕೇಳಸು.

ನನ್ನ ವೇಗಕ್ಕ ಕಣ್ಣಿದ್ದವರು ಕಿವಿ ಮುಚ್ಚಕೋತಾರ.
ಮಾತಲ್ಲ ಅದು, ತಗಡಿನ ಮ್ಯಾಲ ಜೋಳ ಸುರಿದ ಹಂಗ.
ಆಫೀಸಿಗೆ ನಾ ಬರೆದ ಒಂದು ಪತ್ರ ಹಚ್ಚಿದೆ.
ಕಾಕಾ ಹೆಡ್‌ಫೋನ್ ತೆಗೀಲಿಲ್ಲ.
ಅಂಗೈ ಮೇಜಿನ ಮ್ಯಾಲ ಇಟ್ಟ, ಮಗ್ಗದ ಮ್ಯಾಲ ಇಟ್ಟ ಹಂಗ.
ಮೇಜಿನ ಕೆಳಗ ಅವನ ಚಪ್ಪಲಿ ಲೆಕ್ಕ ಹಾಕಲಿಕ್ಕೆ ಸುರು ಮಾಡಿತು.

ಒಂದು ಶಬ್ದ ತಿಳೀಲಿಲ್ಲ, ಅಂದ ಆಮ್ಯಾಲ.
ಆದರ ನಡುವ ಒಂದು ಕಡೆ
ಹೊಕ್ಕು ಎರಡು ಸಲ ಬಿತ್ತು.

ಹಿಂದ ಹೋಗಿ, ವೇಗ ಹತ್ತಕ್ಕ ಇಳಿಸಿ, ಸಾಲು ಸಾಲು ಓದಿಸಿದೆ.
ಐದನೇ ಸಾಲು: 'ದಯವಿಟ್ಟು ದಯವಿಟ್ಟು'.
ಮೂರು ಸಲ ತಿದ್ದಿದ್ದೆ ನಾ ಅದನ್ನ.